ನೀತಿ: ಕೊಲೆ ಮಾಡಬಾರದು

ಜುಲೈ ಬಂತೆಂದರೆ ಕೊಡಗಿನಲ್ಲಿ ಎರಡು ಬಗೆಯ ಮಳೆ ಶುರುವಾಗುತ್ತದೆ. ಒಂದು ಆಕಾಶದಿಂದ, ಇನ್ನೊಂದು ಮೇಲಿನ ಆಫೀಸಿನಿಂದ. ಮೊದಲನೆಯದು ಜಾಸ್ತಿಯಾದರೆ ಡಿಸಿ ಸಾಹೇಬರು ರಜೆ ಕೊಡುತ್ತಾರೆ. ಸುತ್ತೋಲೆ ಜಾಸ್ತಿಯಾದರೆ ರಜೆ ಕೊಡುವವರು ಇನ್ನೂ ಹುಟ್ಟಿಲ್ಲ.

ಈ ಸಲದ ಸುತ್ತೋಲೆ ಕಾದಂಬರಿಯ ಬಗ್ಗೆ. ಮಡಿಕೇರಿಯಲ್ಲಿ ಒಂದು ದಿನದ ತರಬೇತಿ. ಅದರ ಹೆಸರು ‘ವಿವಿಧ ಪ್ರಕಾರದ ಕಾದಂಬರಿಗಳಿಗೆ ವಿದ್ಯಾರ್ಥಿಗಳು ಚಿಂತನಶೀಲವಾಗಿ ಪ್ರತಿಕ್ರಿಯಿಸುವಂತೆ ಅನುವುಗೊಳಿಸುವ ಕಾರ್ಯಾಗಾರ’. ವಿರಾಜಪೇಟೆಯಲ್ಲಿ ಬಸ್ಸು ಹತ್ತಿ ಹೆಸರು ಓದಲು ಶುರುಮಾಡಿದೆ. ಅರ್ಥವಾಗುವ ಹೊತ್ತಿಗೆ ಮೂರ್ನಾಡು ದಾಟಿತ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವನು. ಅರ್ಥವಾಗದಿದ್ದರೆ ಹೊರಗೆ ಹೇಳಿಕೊಳ್ಳುವ ಹಾಗಿಲ್ಲ ನೋಡಿ.

ಹಾಲ್‌ನಲ್ಲಿ ಎಪ್ಪತ್ತು ಮೇಷ್ಟ್ರುಗಳು, ಎಪ್ಪತ್ತು ಒದ್ದೆ ಕೊಡೆಗಳು. ಕೊಡೆಗಳಿಂದ ಇಳಿದ ನೀರು ಹಾಜರಿ ಪುಸ್ತಕದ ಮೇಜಿನ ಕೆಳಗೆ ಸಂಗಮವಾಗಿ ಬಾಗಿಲ ಕಡೆ ಹರಿಯುತ್ತಿತ್ತು. ಎಲ್ಲ ಇತ್ತು. ಬ್ಯಾನರ್ ಇತ್ತು, ಮೈಕ್ ಇತ್ತು, ಉಪ್ಪಿಟ್ಟು ಇತ್ತು. ಕಾದಂಬರಿ ಮಾತ್ರ ಒಂದೂ ಇರಲಿಲ್ಲ. ಕೇಳಿದೆ. “ಇದು ಪ್ರತಿಕ್ರಿಯೆಯ ತರಬೇತಿ ಸಾರ್. ಓದುವ ತರಬೇತಿ ಹೋದ ವರ್ಷವೇ ಮುಗಿದಿದೆಯಲ್ಲ,” ಎಂದರು.

ಸಂಪನ್ಮೂಲ ವ್ಯಕ್ತಿಗಳು ಬಂದರು. (ಈ ಪದ ಕೇಳಿದಾಗಲೆಲ್ಲ ನನಗೆ ಯಾರೋ ಹೊಲದಲ್ಲಿ ನಿಧಿ ಹೂತಿಟ್ಟವರ ನೆನಪಾಗುತ್ತದೆ.) ‘ಕಾದಂಬರಿ’ ಎಂಬ ಪದ ಬಂದದ್ದೇ ಬಾಣಭಟ್ಟನಿಂದ ಎಂದು ಏಳನೇ ಶತಮಾನದಲ್ಲಿ ಗಾಡಿ ಸ್ಟಾರ್ಟ್ ಮಾಡಿದರು. ಟೀ ಬರುವ ಹೊತ್ತಿಗೆ 1899ಕ್ಕೆ, ಮಂಗಳೂರಿನ ‘ಇಂದಿರಾಬಾಯಿ’ಗೆ ಬಂದು ಮುಟ್ಟಿದ್ದರು. ಟೀ ಮುಗಿದು ಇಪ್ಪತ್ತನೇ ಶತಮಾನ ಶುರುವಾಗಬೇಕು, ಅಷ್ಟರಲ್ಲಿ ಎಲ್ಲೋ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿತ್ತು. ಕರೆಂಟ್ ಹೋಯಿತು, ಪರದೆ ಕಪ್ಪಾಯಿತು. ನಮ್ಮ ಜಿಲ್ಲೆಗೆ ಇಪ್ಪತ್ತನೇ ಶತಮಾನದ ಕಾದಂಬರಿ ಬರಲೇ ಇಲ್ಲ.

ಬಂದದ್ದು ನಮೂನೆ. ಓದು ಪ್ರತಿಕ್ರಿಯೆ ನಮೂನೆ. ಹನ್ನೊಂದು ಕಾಲಂ. ಕಥಾನಾಯಕನ ಐದು ಸದ್ಗುಣಗಳು. ಖಳನಾಯಕ ಯಾರು. ಮುಕ್ತಾಯ. ಒಂಬತ್ತನೆಯದು ‘ಕಾದಂಬರಿಯಿಂದ ಕಲಿತ ನೀತಿ’. ಹತ್ತನೆಯದು ‘ಸದರಿ ನೀತಿಯನ್ನು ಜೀವನದಲ್ಲಿ ಹೇಗೆ ಅಳವಡಿಸಿಕೊಳ್ಳುವಿರಿ’. ಹನ್ನೊಂದನೆಯದು ‘ಸ್ವಂತ ಅಭಿಪ್ರಾಯ’. ಇದಕ್ಕೆ ಎರಡು ಗೆರೆ ಜಾಗ. ಅದರ ಕೆಳಗೆ ಪೋಷಕರ ಸಹಿಗೆ ಮೂರು ಗೆರೆ.

ಐತಿಹಾಸಿಕ, ಪೌರಾಣಿಕ, ಸಾಮಾಜಿಕ, ಪತ್ತೇದಾರಿ, ವೈಜ್ಞಾನಿಕ ಎಂದು ಬೆಳಗ್ಗೆ ಪ್ರಕಾರಗಳನ್ನು ಎಣಿಸಿದ್ದರಲ್ಲ, ಎಲ್ಲಕ್ಕೂ ಒಂದೇ ನಮೂನೆಯೇ ಎಂದು ಎದ್ದು ನಿಂತು ಕೇಳಿದೆ.

“ಏಕರೂಪತೆ ಇರಬೇಕಲ್ಲ ಸಾರ್. ಕೊನೆಗೆ ಎಲ್ಲವೂ ಕಥೆಯೇ ತಾನೆ?”

“ಕಡಂಬುಟ್ಟೂ ಅಕ್ಕಿಯದ್ದೇ, ಪಾಯಸವೂ ಅಕ್ಕಿಯದ್ದೇ. ಹಾಗಂತ ಪಾಯಸಕ್ಕೆ ಪಂದಿಕರಿ ಹಾಕ್ತಾರಾ?”

ಪಕ್ಕದಲ್ಲಿದ್ದವರು ನನ್ನ ಅಂಗಿ ಹಿಡಿದು ಎಳೆದು ಕೂರಿಸಿದರು. ಅವರಿಗೆ ಮಧ್ಯಾಹ್ನ ಮೂರೂವರೆಯ ಬಸ್ಸಿತ್ತು.

ಶಾಲೆಗೆ ಬಂದು ನಮೂನೆ ಹಂಚಿದೆ. ಮೊದಲು ಐತಿಹಾಸಿಕ. ಮಡಿಕೇರಿಯ ಸೀಮೆಯಲ್ಲಿ ಐತಿಹಾಸಿಕ ಕಾದಂಬರಿ ಅಂದರೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಅಲ್ಲದೆ ಮತ್ತೇನು? ಹತ್ತನೇ ಕ್ಲಾಸಿನ ಆರು ಮಂದಿ ಓದಿದರು. ನಿಜವಾಗಿ ಓದಿದರು, ಯಾಕೆಂದರೆ ಮೂರು ದಿನ ಮಳೆ ರಜೆ, ಕರೆಂಟಿಲ್ಲ, ಮೊಬೈಲ್ ಚಾರ್ಜಿಲ್ಲ. ಆದರೆ ಕಥಾನಾಯಕನ ಐದು ಸದ್ಗುಣ ಹುಡುಕುವಾಗ ಸುಸ್ತಾದರು. ಆ ಕಾದಂಬರಿಯ ರಾಜನಲ್ಲಿ ಐದು ಹುಡುಕುವುದೆಂದರೆ ಆಷಾಢದಲ್ಲಿ ಬಟ್ಟೆ ಒಣಗಿಸಿದ ಹಾಗೆ. ಒಬ್ಬ ‘1. ರಾಜ. 2. ರಾಜನ ಮಗ’ ಎಂದು ಬರೆದು ನಿಲ್ಲಿಸಿದ. ಖಳನಾಯಕನ ಕಾಲಂನಲ್ಲಿ ಮೂವರು ಕುಂಟ ಬಸವ ಎಂದರು, ಇಬ್ಬರು ಇಂಗ್ಲಿಷರು ಎಂದರು. ಆರನೆಯವನು ನನ್ನ ಬಳಿ ಬಂದು ಮೆತ್ತಗೆ ಕೇಳಿದ, “ಸರ್, ಎರಡೂ ಕಾಲಂನಲ್ಲಿ ರಾಜನ ಹೆಸರನ್ನೇ ಬರೆಯಬಹುದಾ?”

ಒಂದು ಶನಿವಾರ ಅವರನ್ನು ಮಡಿಕೇರಿಯ ಗದ್ದುಗೆಗೆ, ಅಂದರೆ ಕೊಡಗಿನ ರಾಜರ ಸಮಾಧಿಗಳಿರುವ ಜಾಗಕ್ಕೆ, ಕರೆದುಕೊಂಡು ಹೋದೆ. ದೊಡ್ಡವೀರರಾಜೇಂದ್ರನ ಗುಮ್ಮಟ ನೋಡಿದರು, ಲಿಂಗರಾಜನದ್ದು ನೋಡಿದರು. “ನಮ್ಮ ರಾಜನದ್ದು ಎಲ್ಲಿ?” ಎಂದು ಹುಡುಕಿದರು. ಇಲ್ಲಿಲ್ಲ ಎಂದೆ. 1834ರಲ್ಲಿ ಇಂಗ್ಲಿಷರು ರಾಜ್ಯ ಕಿತ್ತುಕೊಂಡು ಅವನನ್ನು ಕಾಶಿಗೆ ಕಳಿಸಿದ್ದು, 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್‌ಗೆ ಹೋದದ್ದು, ವಿಕ್ಟೋರಿಯಾ ರಾಣಿ ಆ ಹುಡುಗಿಗೆ ಧರ್ಮಮಾತೆಯಾದದ್ದು, 1859ರಲ್ಲಿ ಅವನು ಅಲ್ಲೇ ಸತ್ತದ್ದು ಎಲ್ಲ ಹೇಳಿದೆ. ಮಳೆ ಹನಿಯುತ್ತಿತ್ತು. ಆರನೆಯವನು ಗುಮ್ಮಟದ ಕೆಳಗೆ ನಿಂತು ಚಪ್ಪಲಿಗೆ ಅಂಟಿದ ಜಿಗಣೆ ಕೀಳುತ್ತಾ ಹೇಳಿದ, “ಓದುವಾಗ ಅವನ ಮೇಲೆ ಕೋಪ ಬಂದಿತ್ತು ಸರ್. ಈಗ ಪಾಪ ಅನಿಸ್ತಿದೆ. ಎರಡರಲ್ಲಿ ಯಾವುದು ಬರೀಲಿ?”

ನಮೂನೆ ತೆಗೆದು ನೋಡಿದೆ. ಒಂದಕ್ಕೆ ಮಾತ್ರ ಜಾಗವಿತ್ತು.

ಇಷ್ಟು ಹೊತ್ತಿಗೆ ಪೇಟೆಗೆ ಗೈಡ್ ಬಂದಿತ್ತು. ನಮ್ಮ ಸುತ್ತೋಲೆ ಶಾಲೆಗೆ ತಲುಪಲು ಎರಡು ವಾರ ಬೇಕು, ಅದರ ಗೈಡ್ ಅಂಗಡಿಗೆ ತಲುಪಲು ನಾಲ್ಕೇ ದಿನ ಸಾಕು. ಹತ್ತು ಕಾದಂಬರಿ, ಹನ್ನೊಂದು ಕಾಲಂ, ಎಲ್ಲ ರೆಡಿ. ‘ಸ್ವಂತ ಅಭಿಪ್ರಾಯ’ವೂ ರೆಡಿ. ಒಂಬತ್ತನೇ ಕ್ಲಾಸಿನ ನಲವತ್ತು ನಮೂನೆ ತಿದ್ದಲು ಕೂತೆ. ನಲವತ್ತರಲ್ಲೂ ‘ಈ ಕಾದಂಬರಿಯು ನನ್ನ ಮನಸ್ಸಿನ ಮೇಲೆ ಗಾಡ ಪರಿಣಾಮ ಬೀರಿತು’. ಗಾಢ ಅಲ್ಲ, ಗಾಡ. ಮಹಾಪ್ರಾಣವನ್ನು ಗೈಡಿನವರೇ ತೆಗೆದಿದ್ದರು, ಮಕ್ಕಳು ಅಲ್ಪಪ್ರಾಣದಲ್ಲೇ ಪರಿಣಾಮಕ್ಕೆ ಒಳಗಾಗಿದ್ದರು. ಒಬ್ಬ ಹುಡುಗ ಎಷ್ಟು ಆಳವಾಗಿ ಒಳಗಾಗಿದ್ದ ಎಂದರೆ ಕೊನೆಯಲ್ಲಿ ‘ಮುಂದುವರಿದ ಭಾಗ ಪುಟ 43ರಲ್ಲಿ’ ಎಂದೂ ಬರೆದಿದ್ದ.

ತಮಾಷೆ ಏನೆಂದರೆ, ಅಕ್ಕಪಕ್ಕದ ಶಾಲೆಗಳ ಮೇಷ್ಟ್ರುಗಳು ನಮೂನೆಗಳನ್ನು ಅದಲುಬದಲು ಮಾಡಿ ಅಂಕ ಹಾಕಿದಾಗ ಈ ನಲವತ್ತಕ್ಕೂ ಹತ್ತಕ್ಕೆ ಒಂಬತ್ತು ಬಂತು. ಸೊನ್ನೆ ಬಂದದ್ದು ಒಂದೇ ಒಂದಕ್ಕೆ. ಅದರ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ. ಎಸ್ಟೇಟಿನ ಲೈನ್ ಮನೆಯವನು. ಮನೆಯಲ್ಲಿ ಒಂದು ಭಾಷೆ, ತೋಟದಲ್ಲಿ ಇನ್ನೊಂದು, ಶಾಲೆಯಲ್ಲಿ ಕನ್ನಡ. ಕಾಗುಣಿತ ಅಷ್ಟಕ್ಕಷ್ಟೆ. ಅವನು ತೇಜಸ್ವಿಯವರ ‘ಕರ್ವಾಲೊ’ ಓದಿದ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಅಲೆಯುತ್ತಾರೆ, ಕೊನೆಗೆ ಅದು ಕೈಗೆ ಸಿಗದೆ ಕಣಿವೆಗೆ ಹಾರಿಬಿಡುತ್ತದೆ, ಗೊತ್ತಲ್ಲ. ಇವನು ನಮೂನೆಯ ಹನ್ನೊಂದೂ ಕಾಲಂ ಬಿಟ್ಟು ಹಿಂದಿನ ಖಾಲಿ ಮೈಯಲ್ಲಿ ಬರೆದ:

‘ನಮ್ಮ ಲೈನ್ ಮನೆ ಹಿಂದಿನ ಸಿಲ್ವರ್ ಓಕಿನಲ್ಲಿ ಎರಡು ಹಾರುವ ಓತಿ ಇವೆ. ಅಪ್ಪ ಕರಿಮೆಣಸು ಕುಯ್ಯುವಾಗ ನಾನು ಏಣಿ ಹತ್ತಿ ನೋಡಿದ್ದೇನೆ. ತೊಗಟೆ ಹಾಗೇ ಇರುತ್ತದೆ. ಅಲ್ಲಾಡುವ ತನಕ ಕಾಣುವುದಿಲ್ಲ. ಗಂಟಲಿನ ಕೆಳಗೆ ಹಳದಿ ಚೀಟಿ ಥರ ಒಂದನ್ನು ಹೊರಗೆ ಬಿಡುತ್ತದೆ, ಒಳಗೆ ಎಳೆಯುತ್ತದೆ. ಆಮೇಲೆ ಪಕ್ಕೆ ಬಿಚ್ಚಿ ಆ ಮರಕ್ಕೆ ಹೋಗುತ್ತದೆ. ಕರ್ವಾಲೊ ಸಾಹೇಬರು ಅಷ್ಟು ದೂರ ಹೋಗಬೇಕಿರಲಿಲ್ಲ. ಆದರೆ ಅವರನ್ನು ನಮ್ಮ ಮನೆಗೆ ಕರೆಯಬೇಕಾ ಬೇಡವಾ ಅಂತ ಯೋಚನೆ ಮಾಡುತ್ತಿದ್ದೇನೆ. ಬಂದರೆ ಹಿಡಿಯುತ್ತಾರೆ.’

ಅದರ ಅಡಿಯಲ್ಲಿ ಕೆಂಪು ಶಾಯಿಯಲ್ಲಿ ಮೌಲ್ಯಮಾಪಕರು ಬರೆದದ್ದು: ‘ನೀತಿ ಬರೆದಿಲ್ಲ. ನಮೂನೆಗೆ ಹೊರತಾದ ವಿಷಯ. 0.’ ಬೇಕಾಗಿದ್ದ ಉತ್ತರವನ್ನೂ ಪಕ್ಕದಲ್ಲಿ ದಯವಿಟ್ಟು ಕೊಟ್ಟಿದ್ದರು. ‘ಪರಿಸರವನ್ನು ಉಳಿಸಬೇಕು.’

ನಾನು ಫೋನ್ ಮಾಡಿ ಜಗಳವಾಡಿದೆ. “ಹುಡುಗ ಯೋಚನೆ ಮಾಡುತ್ತಿದ್ದೇನೆ ಅಂತಲೇ ಬರೆದಿದ್ದಾನಲ್ಲ ಸ್ವಾಮಿ, ಚಿಂತನಶೀಲ ಅಂದರೆ ಇನ್ನೇನು?” ಎಂದೆ. “ಯೋಚನೆಗೆ ಕಾಲಂ ಇಲ್ಲ,” ಎಂದರು. ಅವರೂ ಒಳ್ಳೆಯವರೇ. ಅವರ ಮುಂದೆ ಇನ್ನೂರು ನಮೂನೆ ಇತ್ತು, ಮಗಳ ಮದುವೆ ಇತ್ತು.

ನಡುವೆ ಫೋಟೊದ ಉಪದ್ರವ ಬೇರೆ. ಮಕ್ಕಳು ಕಾದಂಬರಿ ಓದುತ್ತಿರುವ ಫೋಟೊವನ್ನು ಜಾಗದ ಗುರುತಿನ ಸಮೇತ ಅದೇ ದಿನ ಕಳಿಸಬೇಕು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಶಾಲೆಯ ಹಿಂದಿನ ಗುಡ್ಡದ ಮೇಲೆ. ಹಾಗಾಗಿ ಮಕ್ಕಳನ್ನೂ ಪುಸ್ತಕಗಳನ್ನೂ ಗುಡ್ಡ ಹತ್ತಿಸಿ, ಇಬ್ಬರ ಕೈಯಲ್ಲಿ ಕೊಡೆ ಹಿಡಿಸಿ, ಫೋಟೊ ತೆಗೆದೆವು. ಎರಡು ಮಕ್ಕಳು ಪುಸ್ತಕ ತಲೆಕೆಳಗಾಗಿ ಹಿಡಿದಿದ್ದರು. ‘ಅತ್ಯುತ್ತಮ’ ಎಂದು ಉತ್ತರ ಬಂತು, ಹೆಬ್ಬೆಟ್ಟಿನ ಚಿತ್ರದ ಸಮೇತ.

ಈಗ ಪತ್ತೇದಾರಿ ಕಾದಂಬರಿ. ನಮ್ಮ ಲೈಬ್ರರಿ ಎಂದರೆ ಒಂದು ಕಬ್ಬಿಣದ ಬೀರು. ಬೀಗ ಹಾಕಿಯೇ ಇರುತ್ತದೆ, ಮಕ್ಕಳು ಮುಟ್ಟಿದರೆ ಪುಸ್ತಕ ಹಾಳಾಗುತ್ತವಲ್ಲ. ಮುಟ್ಟದಿದ್ದರೂ ಹಾಳಾಗುತ್ತವೆ. ಕೊಡಗಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತು ಎಂದರೆ ಉರಿಯುವ ಒಲೆ ಒಂದೇ. ಬೀಗ ತೆಗೆದಾಗ ಮೂಲೆಯಲ್ಲಿ ಒಂದು ಸಣ್ಣ ಪುಸ್ತಕ ಸಿಕ್ಕಿತು. ರಟ್ಟಿಲ್ಲ, ಹೆಸರಿಲ್ಲ. ಕೊನೆಯ ಎಂಟು ಹತ್ತು ಪುಟಗಳನ್ನು ಗೆದ್ದಲು ಓದಿ ಮುಗಿಸಿತ್ತು. ಸಾಹುಕಾರನೊಬ್ಬ ಕೊಲೆಯಾಗಿದ್ದಾನೆ, ಅಳಿಯ, ಡಾಕ್ಟರು, ಅಡುಗೆ ಭಟ್ಟ ಮೂವರ ಮೇಲೂ ಗುಮಾನಿ. ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ, ಗಂಟಲು ಸರಿ ಮಾಡಿಕೊಂಡು, “ಕೊಲೆಗಾರ ಇದೇ ಕೋಣೆಯಲ್ಲಿದ್ದಾನೆ. ಅವನು ಬೇರೆ ಯಾರೂ ಅಲ್ಲ...” ಅನ್ನುತ್ತಾನೆ. ಅಲ್ಲಿಗೆ ಗೆದ್ದಲು.

ಸುಮ್ನೆ ಎಂಟನೇ ಕ್ಲಾಸಿಗೆ ಕೊಟ್ಟೆ. ಏನೇನೋ ಆಗಿಹೋಯಿತು! ಒಂದು ವಾರ ಕ್ಲಾಸಿನಲ್ಲಿ ಬೇರೆ ಮಾತಿಲ್ಲ. ಊಟದ ಸಾಲಿನಲ್ಲಿ ಜಗಳ, ಬಸ್‌ಸ್ಟಾಪಿನಲ್ಲಿ ಜಗಳ. ಅಳಿಯನ ಪಾರ್ಟಿ, ಡಾಕ್ಟರ ಪಾರ್ಟಿ ಎಂದು ಎರಡು ಪಂಗಡ. ಕನ್ನಡ ಓದಲು ತಡವರಿಸುವ ಮಕ್ಕಳೂ ಪುಟ ತಿರುವಿ ಸಾಕ್ಷಿ ಹುಡುಕುತ್ತಿದ್ದರು. ನಾನು ಏನೂ ಹೇಳಿಕೊಡಲಿಲ್ಲ, ಯಾಕೆಂದರೆ ನನಗೂ ಉತ್ತರ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಸರ್ವಿಸ್‌ನಲ್ಲಿ ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕ್ಲಾಸಿನಲ್ಲಿ ಕೇಳಿದ್ದು ಅದೇ ಮೊದಲು.

ಐದನೇ ದಿನ, ಹಿಂದಿನ ಬೆಂಚಿನ ಒಬ್ಬಳು ಕೈ ಎತ್ತಿದಳು. ವರ್ಷವಿಡೀ ಬಾಯಿ ಬಿಡದ ಹುಡುಗಿ.

“ಭಟ್ಟ ಸರ್.”

“ಯಾಕೆ?”

“ಹದಿನೆಂಟನೇ ಪುಟದಲ್ಲಿ ಫೋನಿನ ವೈರ್ ಕತ್ತರಿಸಿದೆ. ಮೂವತ್ತೊಂದರಲ್ಲಿ ಭಟ್ಟ, ಅದೇ ರಾತ್ರಿ ಸಾಹುಕಾರರಿಗೆ ಫೋನ್ ಬಂತು ಅಂತಾನೆ. ಹೇಗೆ ಬಂತು?”

ಇಡೀ ಕ್ಲಾಸ್ ತೆಪ್ಪಗಾಯಿತು. ಹೇಗೆ ಗೊತ್ತಾಯಿತು ನಿನಗೆ ಎಂದೆ. “ಜೂನ್‌ನಿಂದ ನಮ್ಮನೆ ಫೋನ್ ಸತ್ತೇ ಇದೆ ಸರ್. ಫೋನ್ ಬಂತು ಅಂದ್ರೆ ನಾವು ಬೇಗ ನಂಬಲ್ಲ,” ಎಂದಳು.

ಅವಳೂ ನಮೂನೆ ತುಂಬಬೇಕಲ್ಲ. ‘ಮುಕ್ತಾಯ’ದ ಕಾಲಂನಲ್ಲಿ ‘ಗೆದ್ದಲು’ ಎಂದು ಬರೆದಳು. ಕಥಾನಾಯಕ ಸತ್ತುಹೋದದ್ದರಿಂದ ಸದ್ಗುಣ ಗೊತ್ತಾಗಲಿಲ್ಲ ಎಂದಳು. ಒಂಬತ್ತನೇ ಕಾಲಂ: ‘ಕೊಲೆ ಮಾಡಬಾರದು. ಮಾಡಿದರೂ ಫೋನಿನ ವಿಷಯ ಎತ್ತಬಾರದು.’ ಹತ್ತನೇ ಕಾಲಂನಲ್ಲಿ, ಸದರಿ ನೀತಿಯನ್ನು ಜೀವನದಲ್ಲಿ ಅಳವಡಿಸಿಕೊಳ್ಳುವ ಬಗ್ಗೆ, ‘ಪ್ರಯತ್ನಿಸುತ್ತೇನೆ’.

ಈ ಪ್ರಯೋಗದ ವರದಿಯನ್ನು ನಾನು ಉತ್ಸಾಹದಿಂದ ಮೇಲಕ್ಕೆ ಕಳಿಸಿದೆ. ಕೊನೆಗೊಂದು ಸಲಹೆಯನ್ನೂ ಸೇರಿಸಿದೆ. ಶಾಲಾ ಲೈಬ್ರರಿಯ ಪತ್ತೇದಾರಿ ಕಾದಂಬರಿಗಳ ಕೊನೆಯ ಹತ್ತು ಪುಟಗಳನ್ನು ಹರಿದೇ ಸರಬರಾಜು ಮಾಡಬೇಕು, ಹರಿಯಲು ಸಿಬ್ಬಂದಿ ಕೊರತೆ ಇದ್ದರೆ ನಮ್ಮ ಜಿಲ್ಲೆಯ ಗೆದ್ದಲು ಉಚಿತವಾಗಿ ಸಿಗುತ್ತದೆ, ಟಿಎ ಡಿಎ ಕೇಳುವುದಿಲ್ಲ ಎಂದು. ಒಂದೂವರೆ ತಿಂಗಳಿಗೆ ಉತ್ತರ ಬಂತು. ‘ಗ್ರಂಥಾಲಯದ ಪುಸ್ತಕವು ಅಪೂರ್ಣವಾಗಿರುವುದನ್ನು ತಾವೇ ಒಪ್ಪಿಕೊಂಡಿರುವುದರಿಂದ ಅದರ ಬೆಲೆ ರೂ. 3ನ್ನು ತಮ್ಮಿಂದ ಏಕೆ ವಸೂಲಿ ಮಾಡಬಾರದು?’ ರಿಜಿಸ್ಟರ್ ಪೋಸ್ಟಿನಲ್ಲಿ ಬಂದಿತ್ತು. ಅಂಚೆ ಖರ್ಚು ಮೂರು ರೂಪಾಯಿಗಿಂತ ಜಾಸ್ತಿ.

ಕಟ್ಟಿದೆ. ರಸೀದಿಯೂ ಸಿಕ್ಕಿತು.

ಪುತ್ತರಿ ಹಬ್ಬದ ಹೊತ್ತಿಗೆ ಸೋಮವಾರಪೇಟೆಯ ಸ್ನೇಹಿತರೊಬ್ಬರ ಅಟ್ಟದಲ್ಲಿ ಅದೇ ಕಾದಂಬರಿಯ ಪೂರ್ತಿ ಪ್ರತಿ ಸಿಕ್ಕಿತು. ಕ್ಲಾಸಿಗೆ ತಂದು ಮೇಜಿನ ಮೇಲಿಟ್ಟೆ. “ಬೇಡ ಸರ್, ಹೇಳಬೇಡಿ” ಎಂದು ಅರ್ಧ ಕ್ಲಾಸ್ ಕಿವಿ ಮುಚ್ಚಿಕೊಂಡಿತು. ನಾನು ಸ್ಟಾಫ್ ರೂಮಿಗೆ ಟೀ ಕುಡಿಯಲು ಹೋಗಿ ಬರುವಷ್ಟರಲ್ಲಿ ಪುಸ್ತಕ ಹಿಂದಿನ ಬೆಂಚಿಗೆ ಹೋಗಿತ್ತು. ಅವಳು ಕೊನೆಯ ಪುಟ ಮುಗಿಸಿ ತಂದು ಮೇಜಿನ ಮೇಲೆ ಇಟ್ಟಳು. ಮುಖ ಗಂಟಿಕ್ಕಿತ್ತು.

“ಏನಮ್ಮ, ಯಾರಂತೆ?”

“ಡಾಕ್ಟರ್ ಅಂತ ಬರೆದಿದ್ದಾರೆ ಸರ್,” ಎಂದಳು. “ಬರೆದವರಿಗೆ ಸರಿಯಾಗಿ ಗೊತ್ತಿಲ್ಲ. ಭಟ್ಟನೇ.”