ಎರಡು ಬಾಗಿಲಿನ ದೊಡ್ಡ ಕಾರನ್ನು ಕೊಂದದ್ದು ಪೆಟ್ರೋಲ್ ಅಲ್ಲ

ಅಮೆರಿಕದ ದೊಡ್ಡ ಎರಡು ಬಾಗಿಲಿನ ಐಷಾರಾಮಿ ಕೂಪೆಗಳು ಏಕೆ ಕಣ್ಮರೆಯಾದವು ಎಂದು ಯಾರನ್ನೇ ಕೇಳಿ, ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು, ಪೆಟ್ರೋಲ್ ತುಟ್ಟಿಯಾಯಿತು, ಜನ ಜಪಾನಿನ ಸಣ್ಣ ಕಾರುಗಳತ್ತ ಹೊರಳಿದರು, ಅಲ್ಲಿಗೆ ಕಥೆ ಮುಗಿಯಿತು. ಮೊನ್ನೆ ನಮ್ಮ ಗೆಳೆಯರ ಬಳಗದಲ್ಲಿಯೂ ಇದೇ ಮಾತು ಬಂತು, ಎಲ್ಲರೂ ತಲೆಯಾಡಿಸಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಡೆಟ್ರಾಯಿಟ್ ಆಸುಪಾಸಿನಲ್ಲಿ ಕಾರಿನ ಬಾಗಿಲುಗಳ ಬಿಡಿಭಾಗಗಳ ಕೆಲಸ ಮಾಡಿಕೊಂಡೇ ಇಷ್ಟು ವರ್ಷ ಕಳೆದವನು ನಾನು. ಆ ಕಾರುಗಳ ಮೇಲೆ ನನಗೆ ಅಭಿಮಾನವಿದೆ. ಅವುಗಳ ಸಾವಿಗೆ ತಪ್ಪು ಕಾರಣ ಹೇಳಿದರೆ ಸುಮ್ಮನೆ ಕೇಳಿಸಿಕೊಳ್ಳಲು ಮನಸ್ಸು ಬರುವುದಿಲ್ಲ.

ನಾನು ಹೇಳುತ್ತಿರುವುದು ಮಸ್ಟಾಂಗ್‌ನಂತಹ ಹುಡುಗರ ಕಾರುಗಳ ಬಗ್ಗೆ ಅಲ್ಲ. 1958ರಲ್ಲಿ ನಾಲ್ಕು ಆಸನಗಳನ್ನು ಪಡೆದ ಫೋರ್ಡ್ ಥಂಡರ್‌ಬರ್ಡ್, 1963ರ ಬ್ಯೂಕ್ ರಿವಿಯೆರಾ, 1966ರ ಓಲ್ಡ್ಸ್‌ಮೊಬೈಲ್ ಟೊರೊನಾಡೊ, 1967ರಲ್ಲಿ ಹೊಸ ರೂಪ ತಾಳಿದ ಕ್ಯಾಡಿಲಾಕ್ ಎಲ್ಡೊರಾಡೊ, ಫೋರ್ಡ್ ಕಂಪನಿಯದೇ ಆದ ಲಿಂಕನ್ ಕಾಂಟಿನೆಂಟಲ್‌ನ ಮಾರ್ಕ್ ಸರಣಿ, ಇವುಗಳ ಬಗ್ಗೆ. ಐದು ಮೀಟರ್ ಮೀರಿದ ಉದ್ದ, ಮುಂದೆ ಮೈದಾನದಂತಹ ಬಾನೆಟ್, ಹಿಂದೆ ಕುಳಿತವರ ಬಗ್ಗೆ ಅಷ್ಟೇನೂ ಚಿಂತೆಯಿಲ್ಲದ ಆಸನ. ಸಂಸಾರದ ಜವಾಬ್ದಾರಿ ಮುಗಿಸಿದವನು, ಇನ್ನು ತನಗಾಗಿ ಒಂದು ಕಾರು ಬೇಕು ಎಂದುಕೊಂಡವನು ಕೊಳ್ಳುತ್ತಿದ್ದ ಕಾರುಗಳಿವು. ನಾಲ್ಕು ಬಾಗಿಲು ಇಲ್ಲದಿರುವುದೇ ಅವುಗಳ ಹೆಮ್ಮೆಯಾಗಿತ್ತು.

ಈಗ ಪೆಟ್ರೋಲಿನ ವಾದಕ್ಕೆ ಬರುತ್ತೇನೆ. ತೈಲ ದಿಗ್ಬಂಧನ ಬಂದದ್ದು 1973ರ ಅಕ್ಟೋಬರಿನಲ್ಲಿ. ಮರುವರ್ಷ ಇಡೀ ದೇಶದಲ್ಲಿ ವೇಗದ ಮಿತಿ ಗಂಟೆಗೆ 55 ಮೈಲಿಗೆ ಇಳಿಯಿತು. ಪೆಟ್ರೋಲ್ ಬಂಕ್‌ಗಳ ಮುಂದೆ ಸರದಿ ನಿಂತಿತು. ಈ ಕಾರುಗಳು ಅದರಿಂದಲೇ ಸಾಯಬೇಕಿದ್ದರೆ 1975ರ ಹೊತ್ತಿಗೆ ಸತ್ತಿರಬೇಕಿತ್ತು. ಆದದ್ದೇನು? ಆ ವರ್ಷವೇ ಕ್ರೈಸ್ಲರ್ ಕಂಪನಿ ಕಾರ್ಡೋಬಾ ಎಂಬ ಹೊಸ ಎರಡು ಬಾಗಿಲಿನ ಕಾರನ್ನು ಬಿಟ್ಟಿತು. ಮುಳುಗುವಂತಿದ್ದ ಕಂಪನಿಗೆ ಅದೇ ಉಸಿರು ಕೊಟ್ಟಿತು. 1976ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಓಲ್ಡ್ಸ್‌ಮೊಬೈಲ್ ಕಟ್ಲಾಸ್, ಅದರಲ್ಲಿ ಜನ ಮುಗಿಬಿದ್ದು ಕೊಂಡದ್ದು ಎರಡು ಬಾಗಿಲಿನ ಸುಪ್ರೀಮ್ ಅನ್ನು. 1977ರಲ್ಲಿ ಥಂಡರ್‌ಬರ್ಡ್ ಮಾರಾಟ 3 ಲಕ್ಷ ದಾಟಿತು. ಷೆವ್ರೊಲೆ ಮಾಂಟೆ ಕಾರ್ಲೊ ಅದನ್ನೂ ಮೀರಿಸಿತು. ಅದೇ ವರ್ಷ ಲಿಂಕನ್ ಹೊರತಂದ ಮಾರ್ಕ್ 5ರ ಉದ್ದ 5.8 ಮೀಟರ್, ತೂಕ ಎರಡು ಟನ್‌ಗೂ ಮಿಗಿಲು. ಮೂರು ವರ್ಷಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಇಂಧನದ ಬರ ಕಣ್ಣೆದುರಿಗೆ ಇದ್ದಾಗಲೇ ಈ ಕಾರುಗಳು ತಮ್ಮ ಉತ್ತುಂಗ ಕಂಡವು. ಪೆಟ್ರೋಲ್ ಕೊಂದಿತು ಎನ್ನುವವರು ಈ ಅಂಕಿಗಳನ್ನು ಎಲ್ಲಿಗೆ ಸೇರಿಸುತ್ತಾರೋ ತಿಳಿಯದು.

ಇನ್ನೊಂದು ಕಡೆಯಿಂದಲೂ ನೋಡಬಹುದು. ಇಂದು ಇದೇ ದೇಶದ ಸಿರಿವಂತರು ಕೊಳ್ಳುವ ಕ್ಯಾಡಿಲಾಕ್ ಎಸ್ಕಲೇಡ್ ಎಂಬ ಎಸ್‌ಯುವಿಯ ಉದ್ದದ ಮಾದರಿ ಹೆಚ್ಚುಕಡಿಮೆ ಆ ಮಾರ್ಕ್ 5ರಷ್ಟೇ ಉದ್ದವಿದೆ, ಅದಕ್ಕಿಂತ ಅರ್ಧ ಟನ್ ಹೆಚ್ಚು ತೂಗುತ್ತದೆ, 6.2 ಲೀಟರಿನ ವಿ8 ಎಂಜಿನ್ ಹೊತ್ತಿದೆ. ದೊಡ್ಡ ಕಾರಿನ ಆಸೆ ಅಮೆರಿಕಕ್ಕೆ ಹೋಗಲೇ ಇಲ್ಲ. ಹೋದದ್ದು ಎರಡು ಬಾಗಿಲಿನ ಆಸೆ.

ಆ ಆಸೆ ಹುಟ್ಟಿದ್ದು ಹೇಗೆ ಎಂದು ತಿಳಿಯಲು ಆಗ ಫೋರ್ಡ್ ಕಂಪನಿಯ ಹಿರಿಯ ಅಧಿಕಾರಿಯಾಗಿದ್ದ ಲೀ ಐಯಕೋಕ ಮಾಡಿದ ಕೆಲಸವನ್ನು ನೋಡಬೇಕು. ಥಂಡರ್‌ಬರ್ಡ್ ಕಾರಿಗೆ ರೋಲ್ಸ್ ರಾಯ್ಸ್ ಮಾದರಿಯ ಗ್ರಿಲ್ ಹಾಕಿ ಎಂದು ಫೋರ್ಡ್‌ನ ವಿನ್ಯಾಸಕಾರರಿಗೆ ಆತ ಹೇಳಿದ್ದರಿಂದಲೇ 1968ರ ಲಿಂಕನ್ ಮಾರ್ಕ್ 3 ಹುಟ್ಟಿತು. ಅಡಿಪಾಯ ನಾಲ್ಕು ಬಾಗಿಲಿನ ಥಂಡರ್‌ಬರ್ಡ್‌ನದು, ಬೆಲೆ ಮಾತ್ರ ಕ್ಯಾಡಿಲಾಕ್ ಮಟ್ಟದ್ದು. ಲಾಭ ಹರಿದು ಬಂತು. ಮಾರ್ಕ್ 4ರಲ್ಲಿ ಛಾವಣಿಯನ್ನು ಹೊತ್ತ ಹಿಂದಿನ ಕಂಬದಲ್ಲಿ ಅಂಡಾಕಾರದ ಸಣ್ಣ ಕಿಟಕಿ ಬಂತು, 1976ರಲ್ಲಿ ಕಾರ್ತಿಯೇ, ಜಿವಾಂಶಿ, ಪುಚ್ಚಿ, ಬಿಲ್ ಬ್ಲಾಸ್ ಎಂಬ ನಾಲ್ಕು ಹೆಸರುಗಳಲ್ಲಿ ವಿಶೇಷ ಆವೃತ್ತಿಗಳು ಬಂದವು. ಕಾರು ತಯಾರಕರು ಆಭರಣದ ಅಂಗಡಿ ಮತ್ತು ಬಟ್ಟೆಯ ವಿನ್ಯಾಸಕಾರರ ಹೆಸರನ್ನು ಮೈಮೇಲೆ ಹಾಕಿಕೊಂಡರು. ಅದನ್ನು ಹಳಿಯುವವರಿದ್ದಾರೆ. ನಾನಂತೂ ಹಳಿಯುವುದಿಲ್ಲ. ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆ ಎಂಬುದು ಸ್ಪಷ್ಟವಾಗಿ ಗೊತ್ತಿತ್ತು.

ಪ್ರತಿ ಆಗಸ್ಟ್‌ನಲ್ಲಿ ಇಲ್ಲಿಯ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ. ಅಲ್ಲಿ ಒಬ್ಬ ಹಿರಿಯರು ತಮ್ಮ ಮಾರ್ಕ್ 5ರ ಬಾಗಿಲನ್ನು ನನಗೆ ತೆರೆದು ತೋರಿಸಿದರು. ವೃತ್ತಿಯ ಚಟ, ನಾನು ಮೊದಲು ನೋಡಿದ್ದು ಹಿಂಜ್‌ಗಳನ್ನು. ನನ್ನ ಎರಡು ತೋಳುಗಳನ್ನು ಚಾಚಿದರೆ ಸಿಗುವ ಉದ್ದಕ್ಕೆ ತುಸುವೇ ಕಡಿಮೆ ಇದ್ದ ಬಾಗಿಲು, ಒಳಗೆ ಉಕ್ಕಿನ ದಪ್ಪ ತೊಲೆ, ದೊಡ್ಡ ಗಾಜು, ಗಾಜು ಏರಿಸುವ ಮೋಟಾರು, ಎಲ್ಲದರ ಭಾರ ಎರಡೇ ಹಿಂಜ್‌ಗಳ ಮೇಲೆ. ಬಾಗಿಲು ಉದ್ದವಾದಷ್ಟೂ ಅದರ ಭಾರದ ಮಧ್ಯಬಿಂದು ಹಿಂಜ್‌ನಿಂದ ದೂರ ಸರಿಯುತ್ತದೆ, ಎಳೆತ ಹೆಚ್ಚುತ್ತದೆ. ಕೆಲವು ವರ್ಷಗಳಲ್ಲಿ ತುದಿ ಜೋತುಬೀಳುತ್ತದೆ. ಆಮೇಲೆ ಮುಚ್ಚುವಾಗ ಬಾಗಿಲನ್ನು ಸ್ವಲ್ಪ ಎತ್ತಿಕೊಟ್ಟರಷ್ಟೇ ಚಿಲಕ ಕೂರುತ್ತದೆ. ಆ ಹಿರಿಯರು ಹಿಂಜ್‌ಗಳೊಳಗೆ ಹೊಸ ಬುಷ್ ಹಾಕಿಸಿದ್ದರು. ತಳ್ಳಿದರೆ ಗಂಭೀರವಾಗಿ, ಒಂದೇ ಸದ್ದಿನಲ್ಲಿ ಮುಚ್ಚಿಕೊಂಡಿತು. ಒಳಗೆ ದಿಂಬಿನಂತೆ ಉಬ್ಬಿದ ಚರ್ಮದ ಆಸನ, ಮುಂದೆ ಕಾರ್ತಿಯೇ ಹೆಸರಿನ ಗಡಿಯಾರ. ಚಾಲಕನ ಆಸನದಿಂದ ತಿರುಗಿ ನೋಡಿದರೆ ಹಿಂದಿನ ದಪ್ಪ ಕಂಬದಾಚೆ ಏನೂ ಕಾಣದು. ಪಕ್ಕದ ಕಾರು ನಿಂತಿದ್ದ ಅಂತರದಲ್ಲಿ ಬಾಗಿಲನ್ನು ಪೂರ್ತಿ ತೆರೆಯಲಾಗದೆ ನಾನು ಓರೆಯಾಗಿ ಇಳಿಯಬೇಕಾಯಿತು. ಕಾರು ನಿಲುಗಡೆಯ ಜಾಗಗಳು ಕಿರಿದಾಗುತ್ತಾ ಬಂದ ಊರುಗಳಲ್ಲಿ ಇದನ್ನು ದಿನವೂ ಸಹಿಸಲು ದೊಡ್ಡ ಮೋಹವೇ ಬೇಕು. ಮೋಹ ಇರುವವರೆಗೆ ಜನ ಸಹಿಸಿದರು ಕೂಡ.

ಮೋಹವನ್ನು ಕೆಡಿಸಿದವರು ಕಂಪನಿಯವರೇ, ಎರಡು ಹಂತಗಳಲ್ಲಿ. ಮೊದಲನೆಯದು ಮೇಲೆ ಹೇಳಿದ ಆ ಭರ್ಜರಿ ಮಾರಾಟದಲ್ಲೇ ಅಡಗಿತ್ತು. 1977ರ ಥಂಡರ್‌ಬರ್ಡ್ ಅಷ್ಟು ಮಾರಾಟವಾದದ್ದು ಅದನ್ನು ಸಾಧಾರಣ ಫೋರ್ಡ್ ಕಾರಿನ ಚೌಕಟ್ಟಿಗೆ ಇಳಿಸಿ, ಬೆಲೆಯಲ್ಲಿ ಎರಡೂವರೆ ಸಾವಿರ ಡಾಲರಿನಷ್ಟು ಕತ್ತರಿಸಿದ್ದರಿಂದ. ಅಂಡಾಕಾರದ ಕಿಟಕಿ, ಅರ್ಧ ಛಾವಣಿಗೆ ಹೊದಿಸಿದ ವಿನೈಲ್, ಮಖಮಲ್ಲಿನ ಆಸನ, ಇವೆಲ್ಲ ಅಗ್ಗದ ಕಾರುಗಳಿಗೂ ಬಂದವು. ಆ ವಿನೈಲ್ ಹೊದಿಕೆಯ ಅಡಿಯಲ್ಲಿ ನೀರು ನಿಂತು ತಗಡು ತುಕ್ಕು ಹಿಡಿಯುತ್ತಿತ್ತು ಎಂಬುದು ಬೇರೆ ಮಾತು. ಬೀದಿಯ ಪ್ರತಿ ಮೂರನೆಯ ಕಾರಿಗೂ ಅದೇ ವೇಷವಿದ್ದರೆ, ದುಬಾರಿ ಕಾರು ಕೊಂಡವನಿಗೆ ಉಳಿಯುವುದೇನು?

ಎರಡನೆಯದು 1986. ಇದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. 1979ರ ಇರಾನ್ ಕ್ರಾಂತಿಯ ನಂತರ ಪೆಟ್ರೋಲ್ ಇನ್ನೂ ಏರುತ್ತಲೇ ಹೋಗುತ್ತದೆ ಎಂದು ಜನರಲ್ ಮೋಟಾರ್ಸ್ ಲೆಕ್ಕ ಹಾಕಿತು. ಆ ಲೆಕ್ಕದ ಮೇಲೆ ತನ್ನವೇ ಆದ ಎಲ್ಡೊರಾಡೊ, ರಿವಿಯೆರಾ, ಟೊರೊನಾಡೊ ಮೂರನ್ನೂ ಕುಗ್ಗಿಸಿತು. 1979ರಲ್ಲಿ ಒಮ್ಮೆ ಕುಗ್ಗಿಸಿದ್ದರು. ಆಗ ಕಾರುಗಳು ಚೆಂದವಾಗಿಯೇ ಇದ್ದವು, ಜನ ಮೆಚ್ಚಿದ್ದರು. 1986ರ ಕುಗ್ಗಿಸುವಿಕೆಯಲ್ಲಿ ಎಲ್ಡೊರಾಡೊ, ಅದೇ ಕಂಪನಿಯ ಅಗ್ಗದ ಬ್ಯೂಕ್ ಸೊಮರ್ಸೆಟ್‌ನ ಅಣ್ಣನಂತೆ ಕಾಣತೊಡಗಿತು. ಹಿಂದಿನ ವರ್ಷ 76 ಸಾವಿರ ದಾಟಿದ್ದ ಎಲ್ಡೊರಾಡೊ ಆ ವರ್ಷ 21 ಸಾವಿರಕ್ಕೆ ಕುಸಿಯಿತು. ಉಳಿದೆರಡರ ಗತಿಯೂ ಅದೇ. ಇನ್ನು ಪೆಟ್ರೋಲ್? 1986ರ ಮೊದಲ ತಿಂಗಳುಗಳಲ್ಲೇ ಜಗತ್ತಿನ ತೈಲದ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಅಂದರೆ ಅತ್ಯಂತ ಅಗ್ಗದ ಪೆಟ್ರೋಲಿನ ಕಾಲದಲ್ಲಿ, ಪೆಟ್ರೋಲ್ ಉಳಿಸುವ ಕೂಪೆಗಳು ಮಳಿಗೆಗಳಲ್ಲಿ ಧೂಳು ತಿಂದವು. ಇಂಧನದ ಬೆಲೆಯಲ್ಲ, ಇಂಧನದ ಭಯ ಈ ಕಾರುಗಳಿಗೆ ಮುಳುವಾಯಿತು.

ಆ ರಿವಿಯೆರಾದಲ್ಲಿ ಬೆರಳು ಮುಟ್ಟಿಸಿ ರೇಡಿಯೋ, ಹವಾನಿಯಂತ್ರಣ ನಡೆಸುವ ಪರದೆ ಇತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. 1986ರಲ್ಲಿ! ಕಲ್ಪನೆ ಇಲ್ಲದವರಲ್ಲ ಅವರು. ಮರುವರ್ಷ ಬಂದ ಅಲಾಂಟೆ ಎಂಬ ಎರಡು ಆಸನದ ಕ್ಯಾಡಿಲಾಕ್‌ನ ಮೈಯನ್ನು ಇಟಲಿಯ ಟ್ಯೂರಿನ್‌ನಲ್ಲಿ ಪಿನಿನ್ಫರೀನಾ ಎಂಬ ಕಂಪನಿ ತಯಾರಿಸುತ್ತಿತ್ತು, ಅವನ್ನು ಬೋಯಿಂಗ್ 747 ವಿಮಾನದಲ್ಲಿ ಹಾರಿಸಿ ಡೆಟ್ರಾಯಿಟ್‌ಗೆ ತರುತ್ತಿದ್ದರು. ಇಷ್ಟು ಹಣ ಸುರಿಯುವ ಧೈರ್ಯವಿದ್ದವರಿಗೆ ಎಲ್ಡೊರಾಡೊವನ್ನು ಎಲ್ಡೊರಾಡೊವಾಗಿ ಉಳಿಸುವ ವಿವೇಕ ಇರಲಿಲ್ಲ.

ಇದರ ಜೊತೆಗೆ ಮನೆಯೊಳಗೆ ಒಂದು ಬದಲಾವಣೆ ನಡೆಯುತ್ತಿತ್ತು. ನನ್ನ ಮಟ್ಟಿಗೆ ಇದೇ ಬಹಳ ದೊಡ್ಡ ಕಾರಣ, ಆದರೆ ಇದನ್ನು ಯಾರೂ ಮಾತನಾಡುವುದಿಲ್ಲ. ಹಿಂದೆ ಅಮೆರಿಕದ ಮಕ್ಕಳು ಮುಂದಿನ ಉದ್ದನೆಯ ಆಸನದಲ್ಲಿ ಅಪ್ಪ ಅಮ್ಮನ ನಡುವೆ ಕುಳಿತೋ, ನಿಂತೋ ಪ್ರಯಾಣಿಸುತ್ತಿದ್ದರು. 1978ರಲ್ಲಿ ಟೆನೆಸ್ಸಿ ರಾಜ್ಯ ಸಣ್ಣ ಮಕ್ಕಳಿಗೆ ಪ್ರತ್ಯೇಕ ಸುರಕ್ಷಾ ಆಸನ ಕಡ್ಡಾಯ ಮಾಡಿತು. 1985ರ ಹೊತ್ತಿಗೆ ಎಲ್ಲ 50 ರಾಜ್ಯಗಳಲ್ಲೂ ಆ ಕಾನೂನು ಬಂದಿತ್ತು. ತೊಂಬತ್ತರ ದಶಕದಲ್ಲಿ ಮುಂದಿನ ಪ್ರಯಾಣಿಕರ ಬದಿಗೂ ಏರ್‌ಬ್ಯಾಗ್ ಬಂದಾಗ, ಮಕ್ಕಳನ್ನು ಹಿಂದೆಯೇ ಕೂರಿಸಬೇಕು ಎಂಬುದು ಮನೆಮನೆಯ ನಿಯಮವಾಯಿತು. ನನ್ನ ಸಹೋದ್ಯೋಗಿಯೊಬ್ಬರ ಮಾರ್ಕ್ 8ರ ಹಿಂಬದಿಗೆ ಅವರ ಮೊಮ್ಮಗುವಿನ ಆಸನ ಕಟ್ಟಲು ನಾನು ಕೈಜೋಡಿಸಿದ್ದೆ. ಮುಂದಿನ ಆಸನ ಬಗ್ಗಿಸಬೇಕು, ಮುಂದಕ್ಕೆ ಸರಿಸಬೇಕು, ಅಡ್ಡ ಬರುವ ಸೀಟ್‌ಬೆಲ್ಟನ್ನು ಪಕ್ಕಕ್ಕೆ ಒತ್ತಬೇಕು, ಒಂದು ಕಾಲು ಒಳಗೆ ಒಂದು ಹೊರಗೆ ಇಟ್ಟು ಸೊಂಟ ತಿರುಚಿ ಕೊಂಡಿ ಹಾಕಬೇಕು. ಅಷ್ಟಾದ ಮೇಲೆ ನಿದ್ದೆ ಹೋದ ಮಗುವನ್ನು ತಲೆ ತಾಗದಂತೆ ಅದೇ ದಾರಿಯಲ್ಲಿ ಒಳಗೆ ಇಳಿಸಬೇಕು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ, ಬೆಳಿಗ್ಗೆ ಶಿಶುಪಾಲನಾ ಕೇಂದ್ರಕ್ಕೆ ಮಗುವನ್ನು ಬಿಟ್ಟು ಕೆಲಸಕ್ಕೆ ಓಡುವವರು ಇದನ್ನು ಎಷ್ಟು ದಿನ ಮಾಡಿಯಾರು? ಒಂದು ತಲೆಮಾರಿನ ತಂದೆತಾಯಿ ಎರಡು ಬಾಗಿಲಿನ ಕಾರನ್ನು ಕೊಳ್ಳುವ ಪಟ್ಟಿಯಿಂದಲೇ ತೆಗೆದುಹಾಕಿದರು. ಅವರಿಗೆ ಐವತ್ತು ದಾಟಿ ಕೈಯಲ್ಲಿ ಹಣ ಬಂದಾಗಲೂ ಆ ಕಡೆ ಕಣ್ಣು ಹೋಗಲಿಲ್ಲ. ಅವರ ಬಾಲ್ಯದ ಕನಸಿನ ಕಾರಾಗಿದ್ದದ್ದು ಅವರ ಮಕ್ಕಳಿಗೆ ಪರಿಚಯವೇ ಇಲ್ಲದ ವಸ್ತುವಾಯಿತು.

ಇನ್ನು ಸರ್ಕಾರದ ಪಾತ್ರ. 1975ರ ಇಂಧನ ಕಾನೂನು ಕಾರುಗಳಿಗೆ ಒಂದು ಮಾನದಂಡ, ಲಘು ಟ್ರಕ್‌ಗಳಿಗೆ ಇನ್ನೊಂದು ಮಾನದಂಡ ಎಂದು ಬಾಗಿಲು ತೆರೆದಿಟ್ಟಿತು. 1985ಕ್ಕೆ ಕಾರುಗಳ ಸರಾಸರಿ ಒಂದು ಗ್ಯಾಲನ್‌ಗೆ 27.5 ಮೈಲಿ, ಅಂದರೆ ಲೀಟರಿಗೆ ಸುಮಾರು 11.7 ಕಿಲೋಮೀಟರ್ ಇರಬೇಕಿತ್ತು. ಟ್ರಕ್‌ಗಳಿಗೆ ಅಷ್ಟು ಬಿಗಿ ಇರಲಿಲ್ಲ. ಎಸ್‌ಯುವಿಗಳು ಟ್ರಕ್ ಲೆಕ್ಕಕ್ಕೆ ಸೇರಿದವು. ಹೆಚ್ಚು ಇಂಧನ ಕುಡಿಯುವ ಕಾರಿಗೆ ವಿಶೇಷ ತೆರಿಗೆ ಬಿತ್ತು, ಎಸ್‌ಯುವಿಗೆ ಬೀಳಲಿಲ್ಲ. 1991ರಲ್ಲಿ 30 ಸಾವಿರ ಡಾಲರ್ ಮೀರಿದ ಕಾರುಗಳ ಮೇಲೆ ಐಷಾರಾಮಿ ತೆರಿಗೆ ಹಾಕಿದರು. ತುಂಬಿದ ತೂಕ 6,000 ಪೌಂಡ್ ಮೀರುವ ವಾಹನಗಳಿಗೆ ಅದೂ ಇಲ್ಲ. ದೊಡ್ಡ ಕೂಪೆಯನ್ನು ಹೊರಗೆ ನೂಕಿ, ಅದಕ್ಕಿಂತ ಭಾರದ ವಾಹನಕ್ಕೆ ಕಾನೂನೇ ಕೆಂಪು ಹಾಸು ಹಾಸಿತು. ಇಂಧನ ಉಳಿಸುವ ಹೆಸರಿನಲ್ಲಿ ನಡೆದ ಇಂತಹ ಅನ್ಯಾಯವನ್ನು ನಾನು ಬೇರೆ ಕಡೆ ಕಂಡಿಲ್ಲ. 1990ರಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಬಂತು, 1997ರಲ್ಲಿ ಲಿಂಕನ್ ನ್ಯಾವಿಗೇಟರ್, ಮರುವರ್ಷ ಎಸ್ಕಲೇಡ್. ಅದೇ 1998ರಲ್ಲಿ ಮಾರ್ಕ್ 8 ನಿಂತಿತು. 1999ಕ್ಕೆ ರಿವಿಯೆರಾ, 2002ಕ್ಕೆ ಎಲ್ಡೊರಾಡೊ.

ಹಾಗಾದರೆ ಎಸ್‌ಯುವಿ ಕೊಂಡವರು ಅನುಕೂಲ ನೋಡಿ ಕೊಂಡರು, ಕೂಪೆ ಕೊಂಡವರು ಬರೀ ಒಣಜಂಬಕ್ಕೆ ಕೊಂಡರು ಎನ್ನಬಹುದೇ? ಖಂಡಿತ ಇಲ್ಲ. ಏಳು ಆಸನದ ನ್ಯಾವಿಗೇಟರ್‌ನಲ್ಲಿ ಒಬ್ಬರೇ ಕುಳಿತು ಕಚೇರಿಗೆ ಹೋಗುವವರನ್ನು ನಾನು ಇಲ್ಲಿ ದಿನವೂ ನೋಡುತ್ತೇನೆ. ಜಂಬ ಅಷ್ಟೇ ಇದೆ, ಅದಕ್ಕೊಂದು ನೆಪ ಸಿಕ್ಕಿದೆ: ಹಿಮ ಬಿದ್ದರೆ ಬೇಕಾಗುತ್ತದೆ, ದೋಣಿ ಎಳೆಯಬಹುದು, ಮಕ್ಕಳ ಸ್ನೇಹಿತರನ್ನು ಕರೆದೊಯ್ಯಬಹುದು. ಕೂಪೆ ಕೊಂಡವನಿಗೆ ಅಂತಹ ಯಾವ ನೆಪವೂ ಇರಲಿಲ್ಲ, ಅವನು ಹುಡುಕಲೂ ಇಲ್ಲ. ನನಗೆ ಇಷ್ಟವಾಯಿತು, ಕೊಂಡೆ ಎಂದು ನೇರವಾಗಿ ಹೇಳುತ್ತಿದ್ದ. ಆ ನೇರವಂತಿಕೆಯೇ ನನಗೆ ಈ ಕಾರುಗಳಲ್ಲಿ ಮೆಚ್ಚುಗೆಯಾಗುವುದು.

ವಿದ್ಯುತ್ ಕಾರುಗಳ ಕಾಲದಲ್ಲಿ ಇವು ಮರಳಿ ಬರಬಹುದು ಎಂದು ನಿರೀಕ್ಷಿಸುವ ಸ್ನೇಹಿತರಿದ್ದಾರೆ. ಅವರು ಒಮ್ಮೆ ಕ್ಯಾಡಿಲಾಕ್ ಇಎಲ್‌ಆರ್ ಕಥೆ ನೋಡಲಿ. ಮಾದರಿ ವರ್ಷ 2014ರ ಆ ಕೂಪೆ ನೋಡಲು ನಿಜಕ್ಕೂ ಸುಂದರವಾಗಿತ್ತು. ಬ್ಯಾಟರಿಯಲ್ಲಿಯೂ ಓಡುತ್ತಿತ್ತು, ಎಂಜಿನ್ ನೆರವಿನಿಂದಲೂ ಓಡುತ್ತಿತ್ತು. ಆದರೆ ಒಳಗಿದ್ದದ್ದು ಷೆವ್ರೊಲೆ ವೋಲ್ಟ್ ಎಂಬ ಸಾಧಾರಣ ಕಾರು, ಬೆಲೆ 75 ಸಾವಿರ ಡಾಲರ್, ವೋಲ್ಟ್‌ನ ಎರಡರಷ್ಟು. ಐಯಕೋಕ ಮಾರ್ಕ್ 3ರಲ್ಲಿ ಆಡಿದ ಆಟವೇ ಇದು. ಅಂದು ಕೊಂಡವನಿಗೆ ಕೊಟ್ಟ ಹಣಕ್ಕೆ ತಕ್ಕ ಗಾತ್ರ, ಮೌನ, ಮುಂದೆ ಚಾಚಿದ ಬಾನೆಟ್ ಸಿಕ್ಕಿದ್ದವು. ಇಎಲ್‌ಆರ್ ಕೊಂಡವನಿಗೆ ಸಿಕ್ಕಿದ್ದು ಇಕ್ಕಟ್ಟಾದ ಹಿಂಬದಿ ಮತ್ತು ವೋಲ್ಟ್‌ನಷ್ಟೇ ಸಾಧಾರಣ ಓಟ. ಅಮೆರಿಕದಲ್ಲಿ ಮೂರು ಸಾವಿರ ಕಾರುಗಳೂ ಮಾರಾಟವಾಗಲಿಲ್ಲ, 2016ಕ್ಕೆ ನಿಲ್ಲಿಸಿದರು. ಜನರಿಗೆ ಕೂಪೆ ಬೇಡ ಎಂಬುದಕ್ಕೆ ಇದೇ ಸಾಕ್ಷಿ ಎಂದು ಹೇಳುವವರಿದ್ದಾರೆ. ಈ ಸೋಲಿನಲ್ಲಿ ನನಗೆ ಕಾಣುವುದು 1986ರಲ್ಲಿ ಕಂಪನಿಗಳು ಮಾಡಿದ ತಪ್ಪೇ: ದೊಡ್ಡ ಕಾರಿನ ಹಣ ಪಡೆದು ಸಣ್ಣ ಕಾರನ್ನು ಕೈಗಿಟ್ಟರು.