ಆ ಪುಡಿ ಡಬ್ಬಿ ನೋಡಿದಾಗಿನಿಂದ ಸಿಟ್ಟು ಇಳಿದಿಲ್ಲ

ನಿನ್ನೆ ಸಂಜೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹಳೇ ಪರಿಚಯದ ಒಬ್ಬ ಹೆಂಗಸು ಸಿಕ್ಕಿದರು. ನಾನು ಎಚ್‌ಐವಿಗೆ ಮಾತ್ರೆ ಕೊಡುವ ಎಆರ್‌ಟಿ ಸೆಂಟರ್‌ನಲ್ಲಿ ಕೌನ್ಸೆಲರ್ ಆಗಿದ್ದಾಗ ತಿಂಗಳು ತಿಂಗಳು ಮಾತ್ರೆಗೆ ಬರುತ್ತಿದ್ದವರು. ಹೆಸರು, ಊರು ಹೇಳುವುದಿಲ್ಲ. ನನ್ನನ್ನು ಮೂಲೆಗೆ ಕರೆದು ಬ್ಯಾಗಿನಿಂದ ಒಂದು ಡಬ್ಬಿ ತೆಗೆದರು. "ಮೇಡಂ, ಇದು ತಗೊಂಡ್ರೆ ಇಮ್ಯೂನಿಟಿ ಜಾಸ್ತಿ ಆಗುತ್ತಂತೆ. ಆ ಮಾತ್ರೆ ಮೂರು ತಿಂಗಳು ನಿಲ್ಸಿ ಅಂದ್ರು." ಬೆಲೆ 2,800 ರೂಪಾಯಿ. ತೋಟದ ಕೂಲಿಗೆ ಹೋಗುವವರು ಅವರು.

ರಾತ್ರಿ ನಿದ್ದೆ ಬರಲಿಲ್ಲ.

ಎಚ್‌ಐವಿ ಬಂದರೆ ಶಕ್ತಿ ಕಮ್ಮಿ, ಪುಡಿ ತಿಂದರೆ ಶಕ್ತಿ ಜಾಸ್ತಿ. ಈ ಲೆಕ್ಕ ಎಷ್ಟು ಬೇಗ ತಲೆಗೆ ಹತ್ತುತ್ತದೆ ನೋಡಿ. ಒಳಗೆ ನಡೆಯುವುದೇ ಬೇರೆ.

ಸಕಲೇಶಪುರ, ಆಲೂರು ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಆನೆ ಬಂತು ಎಂದು ಒಬ್ಬ ಕೂಗಿದರೆ ಊರೇ ಎದ್ದು ಬರುತ್ತದೆ. ಪಟಾಕಿ, ತಮಟೆ, ಟಾರ್ಚು. ನಮ್ಮ ಮೈಯಲ್ಲೂ ಹಾಗೆ ಕೂಗಿ ಎಬ್ಬಿಸುವ ಪ್ರೋಟೀನುಗಳಿವೆ. ಸೈಟೊಕೈನ್ ಅಂತಾರೆ. ಐಎಲ್-6, ಟಿಎನ್‌ಎಫ್ ಎಲ್ಲ ಇದೇ ಗುಂಪಿನವು. ಒಂದು ರಾತ್ರಿಯ ಕೂಗು ಊರನ್ನು ಕಾಯುತ್ತದೆ. ವರ್ಷಗಟ್ಟಲೆ ದಿನಾ ರಾತ್ರಿ ಕೂಗಿದರೆ? ಎಚ್‌ಐವಿಯಲ್ಲಿ ಆಗುವುದು ಅದೇ. ಕೂಗು ಕೇಳಿ ಎದ್ದು ಬರುವ ಸಿಡಿ4 ಕಣಗಳೇ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ವೈರಸ್ಸಿಗೆ ಸುಲಭವಾಗಿ ಸಿಗುತ್ತವೆ. ಅವುಗಳ ಒಳಗೇ ಅದು ಬೆಳೆಯುತ್ತದೆ. ಕರುಳಿನಲ್ಲಂತೂ ಈ ಕಣಗಳು ಮೊದಲ ಕೆಲವು ವಾರಗಳಲ್ಲೇ ರಾಶಿ ರಾಶಿ ಸಾಯುತ್ತವೆ. ಕರುಳಿನ ಗೋಡೆ ಕೆಟ್ಟು, ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೋರುತ್ತವೆ. ಕೂಗು ಇನ್ನೂ ಜೋರಾಗುತ್ತದೆ. ರಕ್ತ ಪರೀಕ್ಷೆಯಲ್ಲಿ 500ರ ಮೇಲಿದ್ದ ಸಿಡಿ4 ಎಣಿಕೆ ಒಂದು ದಿನ 200ರ ಕೆಳಗೆ ಬಂದು ನಿಲ್ಲುತ್ತದೆ.

ಹೀಗೆ ಕೂಗಿ ಕೂಗಿ ಸೋತ ಊರಿಗೆ ಇನ್ನಷ್ಟು ಜೋರಾಗಿ ಕೂಗು ಅನ್ನುವುದು ಔಷಧಿಯಾ? ಬೇಕಿರುವುದು ಆನೆಯನ್ನು ಕಾಡಿಗೆ ಅಟ್ಟುವುದು, ಅಲ್ವಾ? ಮಾತ್ರೆ ಮಾಡುವುದು ಆ ಕೆಲಸ. 2004ರಿಂದ ಸರ್ಕಾರ ಪುಕ್ಕಟೆ ಕೊಡುತ್ತಿದೆ. ವೈರಸ್ಸು ಕಾಡಿನಲ್ಲೇ ಅಡಗಿರುತ್ತದೆ, ಪೂರ್ತಿ ಹೋಗುವುದಿಲ್ಲ. ಕಾವಲು ಬಿಟ್ಟರೆ ಕೆಲವೇ ವಾರಗಳಲ್ಲಿ ವಾಪಸ್ಸು.

"ಮೂರು ತಿಂಗಳು ನಿಲ್ಸಿ" ಅಂದವರಿಗೆ ಗೊತ್ತಿರಲಿ. ಇದನ್ನು ಜಗತ್ತು ಈಗಾಗಲೇ ಮಾಡಿ ನೋಡಿದೆ. ಸ್ಮಾರ್ಟ್ ಎಂಬ ಅಧ್ಯಯನ, 5,472 ಜನ, ಫಲಿತಾಂಶ ಬಂದದ್ದು 2006ರಲ್ಲಿ. ಸಿಡಿ4 ಚೆನ್ನಾಗಿದೆ ಎಂದು ಮಾತ್ರೆಗೆ ಬಿಡುವು ಕೊಟ್ಟ ಗುಂಪಿನಲ್ಲಿ ಸಾವು ಜಾಸ್ತಿಯಾಯಿತು. ಹೃದಯ, ಕಿಡ್ನಿ, ಲಿವರ್ ಕಾಯಿಲೆಯೂ ಜಾಸ್ತಿ. ನಿಲ್ಲಿಸಿದ ಒಂದೇ ತಿಂಗಳಿಗೆ ಅವರ ರಕ್ತದಲ್ಲಿ ಐಎಲ್-6 ಏರಿತ್ತು. ಮೊದಲೇ ಐಎಲ್-6 ಜಾಸ್ತಿ ಇದ್ದವರಲ್ಲಿ ಸತ್ತವರು ಇನ್ನೂ ಹೆಚ್ಚು.

"ಪಾಪ, ಅವರಿಗೂ ಏನೋ ಒಂದು ಭರವಸೆ ಬೇಕಲ್ಲ, ಪುಡಿ ತಿಂದರೆ ಏನಾಗುತ್ತೆ" ಅಂದರು ನಮ್ಮ ಅತ್ತಿಗೆ. ರಾಗಿಮುದ್ದೆ ತಿನ್ನಲಿ, ಮೊಟ್ಟೆ ತಿನ್ನಲಿ, ನಾನೇ ದಿನಾ ಹೇಳುತ್ತಿದ್ದೆ. ಮಾತ್ರೆ ಬಿಡಿಸುವ ಭರವಸೆ ಭರವಸೆಯಲ್ಲ, ಅತ್ತಿಗೆ. ದಿನಾ ಮಾತ್ರೆ ತಗೊಂಡು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪತ್ತೆಯಾಗದಷ್ಟು ಇಳಿದರೆ ಗಂಡನಿಗೂ ಸೋಂಕು ದಾಟುವುದಿಲ್ಲ. ಭರವಸೆ ಅಂದರೆ ಇದು.

ಒಂದು ಮಾತು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ಸಿಡಿ4 ಇಳಿಯುವವರೆಗೆ ಕಾಯುವ ನಿಯಮ ಇದ್ದ ಕಾಲದಲ್ಲಿ ನಾನೂ ಎಷ್ಟೋ ಜನರನ್ನು "ಇನ್ನೂ ಚೆನ್ನಾಗಿದೆ, ಆರು ತಿಂಗಳು ಬಿಟ್ಟು ಬನ್ನಿ" ಎಂದು ಕಳಿಸಿದ್ದೇನೆ. ಕೆಲವರು ವಾಪಸ್ಸು ಬರಲೇ ಇಲ್ಲ. ಸೋಂಕು ಗೊತ್ತಾದ ಕೂಡಲೇ ಮಾತ್ರೆ ಕೊಡುವ ನಿಯಮ ಬಂದದ್ದು 2017ರಲ್ಲಿ. ಆ ಮುಖಗಳು ಈಗಲೂ ಕಣ್ಣ ಮುಂದೆ ಬರುತ್ತವೆ. ಅದಕ್ಕೇ ಯಾರಾದರೂ ಮಾತ್ರೆ ನಿಲ್ಸಿ ಅಂದರೆ ನನಗೆ ತಡೆಯಲಾಗುವುದಿಲ್ಲ.

ನಿಮ್ಮ ಪರಿಚಯದವರಿಗೆ ಯಾರಾದರೂ ಹೀಗೆ ಹೇಳಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿಸಿ, ದುಡ್ಡು ಕೊಡಬೇಕಿಲ್ಲ.

ಇವತ್ತು ಬೆಳಗ್ಗೆ ಅವರಿಗೆ ಫೋನ್ ಮಾಡಿದ್ದೆ. ಮಾತ್ರೆ ಬಿಟ್ಟು ಹನ್ನೊಂದು ದಿನವಾಗಿದೆಯಂತೆ. ಸೋಮವಾರ ಸೆಂಟರ್‌ಗೆ ನಾನೂ ಜೊತೆಗೆ ಹೋಗುತ್ತಿದ್ದೇನೆ.