ಒಂಟಿಯಾಗಿದ್ದವನು ಮಗ

‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಮರೆವಿನ ಕಾಯಿಲೆಯ ಸಿನಿಮಾ ಅಂತ ನಿಮ್ಮ ಬರಹದಲ್ಲಿ ಹೇಳಿದ್ದೀರಿ. ನಾನು ಒಪ್ಪುವುದಿಲ್ಲ. ಅನಂತ್ ನಾಗ್ ಅವರ ವೆಂಕೋಬ ರಾವ್‌ಗೆ ಮರೆವಿದ್ದರೂ ಹೇಳಲು ಕಥೆಗಳಿವೆ, ಹೆಂಡತಿಯ ನೆನಪಿದೆ. ಜಾಸ್ತಿ ಒಂಟಿಯಾಗಿರುವುದು ಮಗ ಶಿವ. ಸಿನಿಮಾದ ಹೆಸರನ್ನೇ ನೋಡಿ. ಕಾಣೆಯಾದವರ ಪ್ರಕಟಣೆಯಲ್ಲಿ ಯಾರಿಗೆ ಬೇಕಾದರೂ ಹೊಂದುವ ಮಾತು ಅದು. ಅಪ್ಪ ಕಾಣೆಯಾದ ಮೇಲೆ, ಅವರು ಎಂಥವರು ಅನ್ನುವುದನ್ನು ಶಿವ ಅವರನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಸಹನಾ ಬಾಯಿಂದ ಕೇಳಬೇಕಾಗುತ್ತದೆ, ಅಲ್ವಾ?

ಹೋದ ವರ್ಷ ನಮ್ಮ ತಂದೆಯನ್ನು ಆಸ್ಪತ್ರೆಗೆ ಸೇರಿಸುವಾಗ, ಅವರಿಗೆ ಯಾವ ಮಾತ್ರೆ ಆಗುವುದಿಲ್ಲ ಅಂತ ನರ್ಸ್ ಕೇಳಿದರು. ನನಗೆ ಗೊತ್ತಿರಲಿಲ್ಲ. ಊರಿನಲ್ಲಿ ಪಕ್ಕದ ಮನೆಯ ಅಜ್ಜಿಗೆ ಫೋನ್ ಮಾಡಿದೆ. ಅವರು ತಕ್ಷಣ ಹೇಳಿದರು. ಆ ರಾತ್ರಿ ಶಿವನ ಮುಖವೇ ಕಣ್ಣ ಮುಂದೆ ಬರುತ್ತಿತ್ತು.